ಜಾನಿಸ್ ಜಾಪ್ಲಿನ್ ಇಷ್ಟವಾದವರು ಬೆಸ್ಸಿ ಸ್ಮಿತ್ ಕೇಳಿ

ಇಷ್ಟದ ಗಾಯಕರು ಯಾರನ್ನು ಕೇಳಿ ಬೆಳೆದರು ಅಂತ ಹುಡುಕಿ ನೋಡಿ, ತುಂಬಾ ಸಿಗುತ್ತದೆ. 1960ರ ದಶಕದ ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ವಿಷಯದಲ್ಲಿ ಮೊದಲು ಸಿಗುವ ಹೆಸರು ಬೆಸ್ಸಿ ಸ್ಮಿತ್, 1920ರ ದಶಕದ ದೊಡ್ಡ ಬ್ಲೂಸ್ ಗಾಯಕಿ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಶೈಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಗೆ ಹೆಸರಿನ ಕಲ್ಲೇ ಇರಲಿಲ್ಲ. 1970ರಲ್ಲಿ ಅದನ್ನು ಹಾಕಿಸಲು ದುಡ್ಡು ಕೊಟ್ಟ ಇಬ್ಬರಲ್ಲಿ ಜಾಪ್ಲಿನ್ ಒಬ್ಬರು. ಎಂಥ ಅಭಿಮಾನ, ಅಲ್ವಾ?

ಆದರೆ ತೀರಾ ಹಳೇ ರೆಕಾರ್ಡಿಂಗಿನಿಂದ ಶುರು ಮಾಡಬೇಡಿ. ಆಗ ಮೈಕ್ ಇರಲಿಲ್ಲ, ದೊಡ್ಡ ಕೊಳವೆಯ ಮುಂದೆ ನಿಂತು ಹಾಡುತ್ತಿದ್ದರು. ಗರಗರ ಸದ್ದು ಜಾಸ್ತಿ. ಮೊದಲು 1929ರ ‘ನೋಬಡಿ ನೋಸ್ ಯೂ ವೆನ್ ಯೂ ಆರ್ ಡೌನ್ ಅಂಡ್ ಔಟ್’ ಕೇಳಿ. ಕಿವಿ ಒಗ್ಗಿದ ಮೇಲೆ 1925ರ ‘ಸೇಂಟ್ ಲೂಯಿಸ್ ಬ್ಲೂಸ್’ಗೆ ಬನ್ನಿ, ಹೆಡ್‌ಫೋನ್ ಹಾಕಿಕೊಂಡು. ಜೊತೆಗಿರುವವರು ಇಬ್ಬರೇ. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ (ಟ್ರಂಪೆಟ್ಟಿನಂಥ ಊದುವ ವಾದ್ಯ), ಫ್ರೆಡ್ ಲಾಂಗ್‌ಶಾ ಅವರ ಹಾರ್ಮೋನಿಯಂ. ಹೌದು, ಹಾರ್ಮೋನಿಯಂ! ಅದು ಶ್ರುತಿಯ ಹಾಗೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ಬೆಸ್ಸಿ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕಾರ್ನೆಟ್ ಉತ್ತರ ಕೊಡುತ್ತದೆ. ಆ ಜಾಗಗಳನ್ನೇ ಗಮನಿಸಿ ಕೇಳಿ.

ಹಿಡಿಸಿದರೆ ಮುಂದೆ ಇನ್ನೊಬ್ಬ ಬ್ಲೂಸ್ ಗಾಯಕಿ ಮಾ ರೈನಿ ಅವರ ಹಾಡು ಹುಡುಕಿ. ಬೆಸ್ಸಿ ಚಿಕ್ಕ ವಯಸ್ಸಿನಲ್ಲಿ ಸೇರಿದ ತಂಡದಲ್ಲಿ ಅವರೂ ಹಾಡುತ್ತಿದ್ದರು.