ಪಿಸಿವಿ 49 ದಾಟಿದ ಗಂಡಸರು: ನಾನು ಅನುಸರಿಸುವ ಕ್ರಮ

ಗಂಡಸರಲ್ಲಿ ಹಿಮೋಗ್ಲೋಬಿನ್ 16.5 ಗ್ರಾಂ ಅಥವಾ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 49 ದಾಟಿದರೆ ಕಾರಣ ಹುಡುಕಲೇಬೇಕು. ರಿಪೋರ್ಟ್ ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಪಿಸಿವಿ ಕಡೆಗೆ. ಕೆಂಪುಕಣಗಳ ಎಣಿಕೆ ಆಮೇಲೆ. ಎಣಿಕೆ 62 ಲಕ್ಷ ಅಂತ ಗಾಬರಿಯಾಗಿ ಬಂದವರ ಎಂಸಿವಿ (ಕಣದ ಸರಾಸರಿ ಗಾತ್ರ) 65 ಇದ್ದರೆ ಪಿಸಿವಿ 40ರ ಆಸುಪಾಸೇ. ಕಣಗಳು ಚಿಕ್ಕವು, ಸಂಖ್ಯೆ ಜಾಸ್ತಿ. ಬಹುಮಟ್ಟಿಗೆ ಥಲಸೇಮಿಯಾ ಟ್ರೇಟ್, ಅಂದರೆ ಅಪ್ಪ ಅಮ್ಮನಿಂದ ಬಂದ, ಕಣ ಚಿಕ್ಕದಾಗುವ ಗುಣ. ಅಲ್ಲಿ ಚಿಕಿತ್ಸೆಗಾಗಿ ರಕ್ತ ತೆಗೆಯುವ ಮಾತೇ ಇಲ್ಲ.

ಪಿಸಿವಿ ನಿಜಕ್ಕೂ ಹೆಚ್ಚಿದ್ದು ತೊಂದರೆ ಏನೂ ಕಾಣದಿದ್ದರೆ, ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ಪರೀಕ್ಷೆ ಮಾಡಿಸಲು ಹೇಳುತ್ತೇನೆ. ವಾಂತಿಭೇದಿ ಆಗಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತೋಳಿಗೆ ಪಟ್ಟಿಯನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದು ರಕ್ತ ಎಳೆದಿದ್ದರೆ ಅಂಕಿ ಸುಮ್ಮನೆ ಏರಿರುತ್ತದೆ.

ಎರಡನೇ ಸಲವೂ ಹಾಗೇ ಬಂದರೆ ವಿಚಾರಣೆ. ಬೀಡಿ, ಸಿಗರೇಟು? ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡಿರುವುದನ್ನು ಬೆರಳಿಗೆ ಹಾಕುವ ಆಕ್ಸಿಮೀಟರ್ ಗುರುತಿಸುವುದಿಲ್ಲ. 98 ತೋರಿಸಿತು ಅಂತ ನಂಬಿ ಕೂರಬಾರದು. ಜೋರು ಗೊರಕೆ, ನಡುವೆ ಉಸಿರು ನಿಲ್ಲುತ್ತದೆ ಎಂದು ಹೆಂಡತಿ ಹೇಳಿದರೆ ನಿದ್ರೆಯ ಪರೀಕ್ಷೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಲ್ಲೂ ಪಿಸಿವಿ ಒಂದಿಷ್ಟು ಏರುತ್ತದೆ, ತಾವಾಗಿ ನಿಲ್ಲಿಸಬಾರದು. ಜಿಮ್ ಹುಡುಗರನ್ನು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆ ಅಪ್ಪ ಅಮ್ಮ ಇಲ್ಲದಾಗಲೇ ಕೇಳಬೇಕು. ಪಿಸಿವಿ 54 ದಾಟಿದ್ದರೆ ಇಂಜೆಕ್ಷನ್ ಬಂದ್.

ಇದ್ಯಾವುದೂ ಹೊಂದದಿದ್ದರೆ ಜಾಕ್2 ಎಂಬ ಜೀನ್‌ನ ಪರೀಕ್ಷೆ, ಜೊತೆಗೆ ಕೆಂಪುಕಣ ಹುಟ್ಟಿಸುವ ಹಾರ್ಮೋನ್ ಎರಿತ್ರೋಪೊಯಿಟಿನ್ ಮಟ್ಟ. ಪಾಲಿಸೈಥೀಮಿಯಾ ವೆರಾ (ಮಜ್ಜೆಯೇ ಕೆಂಪುಕಣಗಳನ್ನು ಅತಿಯಾಗಿ ಹುಟ್ಟಿಸುವ ರೋಗ) ಇರುವವರಲ್ಲಿ ಸುಮಾರು ಶೇ. 95 ಮಂದಿಗೆ ಜಾಕ್2 ಬದಲಾವಣೆ ಸಿಗುತ್ತದೆ. ಸ್ನಾನವಾದ ಮೇಲೆ ಮೈ ತುರಿಕೆ, ಅಂಗಾಲು ಕೆಂಪಾಗಿ ಉರಿ, ಗುಲ್ಮ ದೊಡ್ಡದಾಗಿರುವುದು ಅನುಮಾನ ಹೆಚ್ಚಿಸುತ್ತವೆ. ತುರಿಕೆಗೆ ಸೋಪು ಬದಲಾಯಿಸುತ್ತಲೇ ವರ್ಷ ಕಳೆಯುವವರಿದ್ದಾರೆ. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೆ ಕಬ್ಬಿಣದ ಕೊರತೆಯಾಗಿ ಹಿಮೋಗ್ಲೋಬಿನ್ 15ರಲ್ಲೇ ನಿಂತು ರೋಗ ಮರೆಯಾಗಬಹುದು. ಅಂಥವರಿಗೆ ಐರನ್ ಟಾನಿಕ್ ಕೊಟ್ಟರೆ ಪಿಸಿವಿ ಸರ್ರನೆ ಏರುತ್ತದೆ.

ವೆರಾ ಖಚಿತವಾದರೆ ಪಿಸಿವಿ ಗುರಿ 45ರ ಕೆಳಗೆ. 2013ರಲ್ಲಿ ಪ್ರಕಟವಾದ ಇಟಲಿಯ ಸೈಟೋ-ಪಿವಿ ಅಧ್ಯಯನದ 365 ಮಂದಿಯಲ್ಲಿ, 45ರ ಕೆಳಗಿಟ್ಟವರಲ್ಲಿ ಹೃದಯ, ರಕ್ತನಾಳದ ಸಾವು ಅಥವಾ ದೊಡ್ಡ ಹೆಪ್ಪು ಶೇ. 2.7, 45ರಿಂದ 50ರಲ್ಲಿ ಬಿಟ್ಟವರಲ್ಲಿ ಶೇ. 9.8. ಹೀಗಾಗಿ 47 ಬಂದರೆ ‘ಪರವಾಗಿಲ್ಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ರಕ್ತ ತೆಗೆಯುವುದು ಬ್ಲಡ್ ಬ್ಯಾಂಕಿನಲ್ಲಿ, 350 ಮಿ.ಲೀ. ಬ್ಯಾಗಿನಲ್ಲಿ. ಊಟ ಆಗಿರಬೇಕು, ಮೊದಲೇ ಎರಡು ಲೋಟ ನೀರು ಕುಡಿದಿರಬೇಕು, ಬಿಪಿ ನೋಡಿರಬೇಕು. ಮಂದ ರಕ್ತ ನಿಧಾನ ಇಳಿಯುತ್ತದೆ, ಕೊಳವೆಯಲ್ಲೇ ಹೆಪ್ಪುಗಟ್ಟಿ ನಿಲ್ಲುವುದೂ ಉಂಟು. ಅದಕ್ಕೇ ದಪ್ಪ ಸೂಜಿ, ದೊಡ್ಡ ನರ, ಬ್ಯಾಗನ್ನು ಅಲ್ಲಾಡಿಸುತ್ತಲೇ ಇರುವುದು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ 200–250 ಮಿ.ಲೀ. ಸಾಕು, ಅಷ್ಟೇ ಸಲೈನ್ ಒಳಗೆ ಹೋಗಬೇಕು. ಮುಗಿದ ಮೇಲೆ ಕಾಲು ಗಂಟೆ ಮಲಗಿಸಿ. ಬೈಕ್ ಹತ್ತಲು ಬಿಡಬೇಡಿ. ಗುರಿ ಮುಟ್ಟುವವರೆಗೆ ವಾರಕ್ಕೊಮ್ಮೆ, ಆಮೇಲೆ ಪಿಸಿವಿ ನೋಡಿಕೊಂಡು. ಜೊತೆಗೆ ಆಸ್ಪಿರಿನ್ 75 ಮಿ.ಗ್ರಾಂ. ಪ್ಲೇಟ್‌ಲೆಟ್ 10 ಲಕ್ಷ ದಾಟಿದ್ದರೆ ಮಾತ್ರ ಆಸ್ಪಿರಿನ್‌ಗೆ ಕೈ ಹಾಕುವ ಮೊದಲು ವಾನ್ ವಿಲ್ಲೆಬ್ರಾಂಡ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಪರೀಕ್ಷೆ; ಅವರಿಗೆ ರಕ್ತಸ್ರಾವದ ಭಯ. 60 ದಾಟಿದವರಿಗೆ, ಹಿಂದೆ ಹೆಪ್ಪು ಕಟ್ಟಿದವರಿಗೆ ಕಣಗಳ ಉತ್ಪಾದನೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಕೂಡ.

‘ಕ್ಯಾಂಪಿನಲ್ಲಿ ರಕ್ತ ಕೊಟ್ಟುಬಿಡ್ತೀನಿ ಡಾಕ್ಟ್ರೇ’ ಅನ್ನುವವರಿಗೆ: ಬೇಡ. ಅಲ್ಲಿ ಮೂರು ತಿಂಗಳಿಗೊಮ್ಮೆ ಮಾತ್ರ ತಗೊಳ್ಳುತ್ತಾರೆ, ಈ ರಕ್ತವನ್ನು ಬೇರೆಯವರಿಗೆ ಹಾಕುವಂತೆಯೂ ಇಲ್ಲ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಪಾರ್ಶ್ವವಾಯು ಇರಬಹುದು, ಕೂಡಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಸಾಕಷ್ಟು ಮುಂಚೆಯೇ ತಲುಪಬೇಕು. ಸ್ಕ್ಯಾನ್‌ಗೆ ಮುಂಚೆ ಹೆಚ್ಚುವರಿ ಆಸ್ಪಿರಿನ್ ನುಂಗಿಸಬೇಡಿ. ಕೊನೆಯ ಪಿಸಿವಿ ರಿಪೋರ್ಟ್ ಜೊತೆಗಿರಲಿ.