ಸರ್ಚ್ ಬಾಕ್ಸಿಗೆ ರಿಯಾಕ್ಟ್ ಹಾಕಿ ಮತ್ತೆ ತೆಗೆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ನಮ್ಮ ಊರಿನ ಗ್ರಂಥಾಲಯದ್ದೊಂದು ಸೈಟ್ ಉಂಟು, ಸೈಟ್ ಕಟ್ಟಿ ನಿಭಾಯಿಸುವ ತಂತ್ರಾಂಶ ಡ್ರೂಪಲ್‌ನದ್ದು. ಹಳೇ ಲೇಖನ, ಪ್ರಸಂಗಗಳ ಪರಿಚಯ, ತಾಳಮದ್ದಳೆ ವರದಿ ಎಲ್ಲ ಸೇರಿ ಎರಡು ಸಾವಿರ ಪುಟದ ಹತ್ರ ಆಗ್ಬಹುದು. ಅದರ ಸರ್ಚಿಗೆ ಮಾತ್ರ ಯಾವಾಗ್ಲೂ ಬೈಗುಳ. "ಎಂತ ಮಾರಾಯ ಇದು, ಕುಂಬಳೆ ಪಾರ್ತಿಸುಬ್ಬನನ್ನೇ ಹುಡುಕ್ಲಿಕ್ಕೆ ಆಗುದಿಲ್ಲ ಅಂದ್ರೆ!" ಅಂತ ಗ್ರಂಥಾಲಯ ನೋಡಿಕೊಳ್ಳುವ ಮಾಷ್ಟ್ರು ಒಂದು ದಿನ ಫೋನ್ ಮಾಡಿದ್ರು. ಪಾರ್ತಿಸುಬ್ಬ ಅಂದ್ರೆ ನಮ್ಮ ಕಡೆಯ ಹಳೇ ಯಕ್ಷಗಾನ ಕವಿ.

ನನಗೂ ಹೊಸತು ಎಂತಾದ್ರು ಮಾಡ್ಬೇಕು ಅಂತ ಆಸೆ ಇತ್ತು, ಸುಳ್ಳು ಯಾಕೆ. ಡ್ರೂಪಲ್ ಹಿಂದೆ ಕೂತು ಬರೇ ಡಾಟಾ ಕೊಡ್ಲಿ, ಬೇರೆ ಪ್ರೋಗ್ರಾಮಿಗೆ ಡಾಟಾ ಕೊಡುವ ಜೆಸನ್ ಎಪಿಐ ಹೇಗೂ 2019ರ 8.7 ಆವೃತ್ತಿಯಿಂದ ಡ್ರೂಪಲ್ ಕೋರಲ್ಲೇ (ಜೊತೆಗೇ ಬರುವ ಮೂಲ ಭಾಗದಲ್ಲೇ) ಉಂಟಲ್ಲ, ಎದುರಿಗೆ ರಿಯಾಕ್ಟಲ್ಲಿ (ಬ್ರೌಸರಲ್ಲೇ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಚಂದದ ಸರ್ಚ್, ಟೈಪ್ ಮಾಡ್ತಾ ಮಾಡ್ತಾ ರಿಸಲ್ಟ್ ಬರುವ ಹಾಗೆ. ಮೂರು ವಾರ ಕೂತು ಮಾಡಿದೆ. ನನ್ನ ಲ್ಯಾಪ್‌ಟಾಪಲ್ಲಿ ಇಂಗ್ಲಿಷ್ ಶಬ್ದ ಹಾಕಿ ನೋಡಿದ್ರೆ ಬೆಣ್ಣೆ ಹಾಗೆ ಓಡ್ತಿತ್ತು.

ಕನ್ನಡ ಟೈಪ್ ಮಾಡಿದಾಗ ಗೊತ್ತಾಯ್ತು ಗಮ್ಮತ್ತು. ಲಿಪ್ಯಂತರ ಮಾಡುವ ಕೀಬೋರ್ಡಲ್ಲಿ "ಪಾ" ಬರುವ ಮೊದಲು "ಪ್" ಬರ್ತದೆ, ಮತ್ತೆ "ಪ", ಅದಾದ ಮೇಲೆ "ಪಾ". ಪ್ರತಿ ಸಲಕ್ಕೂ ಇನ್‌ಪುಟ್ ಈವೆಂಟ್ (ಬಾಕ್ಸಲ್ಲಿ ಬರೆದದ್ದು ಬದಲಾಯ್ತು ಅಂತ ಬ್ರೌಸರ್ ಕೊಡುವ ಸೂಚನೆ), ಪ್ರತಿ ಸಲಕ್ಕೂ ಸರ್ವರಿಗೆ ಒಂದು ಓಟ, ಅರ್ಧ ಅಕ್ಷರಕ್ಕೆ ಸಿಗುದು ಎಂತ? "ಏನೂ ಸಿಗಲಿಲ್ಲ" ಅಂತ ಮಿಣಮಿಣ ಮಿಂಚ್ತಾ ಇರ್ತದೆ. 300 ಮಿಲಿಸೆಕೆಂಡ್ ಡಿಬೌನ್ಸ್ ಹಾಕಿದೆ, ಅಂದ್ರೆ ಟೈಪಿಂಗ್ ಅಷ್ಟು ಹೊತ್ತು ನಿಂತ ಮೇಲೇ ಹುಡುಕುದು, ಆದ್ರೆ ನಮ್ಮ ಮಾಷ್ಟ್ರ ಟೈಪಿಂಗಿಗೆ 300 ಎಲ್ಲಿ ಸಾಕಾಗ್ತದೆ, ಅವರು ಒಂದೊಂದು ಕೀ ಹುಡುಕಿ ಒತ್ತುವವರು. ಸರಿ, ಕೀಬೋರ್ಡು ಅಕ್ಷರ ಜೋಡಿಸಿ ಮುಗಿಸ್ತು ಅಂತ ಹೇಳುವ ಕಾಂಪೊಸಿಷನ್ ಎಂಡ್ ಈವೆಂಟ್ ಬರುವ ತನಕ ಕಾಯುವ ಅಂತ ಮಾಡಿದ್ರೆ ಆಂಡ್ರಾಯ್ಡಲ್ಲಿ ಅದು ಶಬ್ದ ಮುಗಿದು ಸ್ಪೇಸ್ ಒತ್ತಿದ ಮೇಲೇ ಬರುದು ಜಾಸ್ತಿ. ಅಂದ್ರೆ ಟೈಪ್ ಮಾಡ್ತಾ ಮಾಡ್ತಾ ರಿಸಲ್ಟ್ ಅನ್ನುವ ಇಡೀ ಆಸೆಯೇ ಅಲ್ಲಿಗೆ ಢಮಾರ್.

ಮತ್ತೆ ಮಳೆಗಾಲದ ನೆಟ್‌ವರ್ಕ್. ಸ್ಕ್ರಿಪ್ಟ್ ಪೂರ್ತಿ ಇಳಿಯದೆ ಸರ್ಚ್ ಬಾಕ್ಸೇ ಕಾಣುದಿಲ್ಲ, ಬಿಳಿ ಪುಟ ನೋಡ್ತಾ ಕೂರ್ಬೇಕು.

ನಡುವಲ್ಲಿ ಲೂನರ್ ಜೆಎಸ್ ಕೂಡ ನೋಡಿದೆ, ಇಂಡೆಕ್ಸನ್ನೇ (ಯಾವ ಶಬ್ದ ಯಾವ ಪುಟದಲ್ಲಿ ಉಂಟು ಅನ್ನುವ ಪಟ್ಟಿ) ಬ್ರೌಸರಿಗೆ ಕೊಡುವಂಥದ್ದು. ಶಬ್ದದ ತುದಿಯ ಚಿಹ್ನೆ ಕತ್ತರಿಸುವ ಅದರ ಮಾಮೂಲಿ ಟ್ರಿಮ್ಮರ್ ಇಂಗ್ಲಿಷ್ ಅಕ್ಷರ ಅಲ್ಲದ್ದನ್ನೆಲ್ಲ ಕಸ ಅಂತ ಕತ್ತರಿಸ್ತದೆ, ಕನ್ನಡ ಶಬ್ದ ಪೂರ್ತಿ ಖಾಲಿ! ಅದನ್ನು ಸರಿ ಮಾಡ್ಬಹುದು, ಆದ್ರೆ ಎರಡು ಸಾವಿರ ಪುಟದ ಇಂಡೆಕ್ಸನ್ನು ಫೋನಿಗೆ ಇಳಿಸುದು ಯಾರಿಗೆ ಬೇಕು ಅಂತ ಬಿಟ್ಟೆ.

ಕೊನೆಗೆ ಎಲ್ಲ ತೆಗೆದು ಡ್ರೂಪಲ್ಲೇ ಪುಟ ಕಟ್ಟಿ ಕೊಡ್ಲಿ ಅಂತ ಸರ್ಚ್ ಎಪಿಐ (ಡ್ರೂಪಲ್ಲಿನ ಹುಡುಕುವ ಮಾಡ್ಯೂಲ್) ಮೇಲೆ ಒಂದು ವ್ಯೂ (ರಿಸಲ್ಟಿನ ಪಟ್ಟಿ), ಅದಕ್ಕೆ ಎಕ್ಸ್‌ಪೋಸ್ಡ್ ಫಿಲ್ಟರ್ (ಓದುಗರು ಶಬ್ದ ಹಾಕುವ ಬಾಕ್ಸ್), ಒಂದು ಹುಡುಕು ಬಟನ್. ಫಾರ್ಮು ಗೆಟ್ ಮೆಥಡ್ಡಲ್ಲಿ, ಹಾಗಾಗಿ ಹುಡುಕಿದ ಶಬ್ದ ಅಡ್ರೆಸ್ಸಲ್ಲೇ ಇರ್ತದೆ, ಬ್ಯಾಕ್ ಒತ್ತಿದ್ರೆ ಕಳೆದುಹೋಗುದಿಲ್ಲ, ರಿಸಲ್ಟ್ ಲಿಂಕನ್ನು ವಾಟ್ಸಾಪಿಗೆ ಹಾಕ್ಬಹುದು. ರಿಯಾಕ್ಟಲ್ಲೂ ಅದು ಆಗ್ತದೆ, ನಾನೇ ಮಾಡಿರ್ಲಿಲ್ಲ. ಲಿಂಕ್ ಉದ್ದ ಆಗ್ತದೆ ಅದು ನಿಜ, ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಅಕ್ಷರ, ದೀರ್ಘ, ಒತ್ತಿನ ಗುರುತು ಎಲ್ಲ ಬೇರೆ ಬೇರೆ ಲೆಕ್ಕ) ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಮೂರು ಬೈಟು, ಪರ್ಸೆಂಟ್ ಸೇರಿ ಒಂಬತ್ತು ಅಕ್ಷರ, "ಯಕ್ಷಗಾನ" ಅಂತ ಹುಡುಕಿದ್ರೆ ಅದರ ಏಳು ಕೋಡ್‌ಪಾಯಿಂಟಿಗೇ 63. ಯಾರೂ ದೂರು ಹೇಳ್ಲಿಲ್ಲ.

ಜಾವಾಸ್ಕ್ರಿಪ್ಟ್ ಇರುದು ಸಜೆಷನ್ನಿಗೆ ಮಾತ್ರ, ಅದು ಬಂದ್ರೆ ಬಂತು, ಬಾರದಿದ್ರೂ ಬಟನ್ ಉಂಟು.

ಇನ್ನು ಪಾರ್ತಿಸುಬ್ಬ ಯಾಕೆ ಸಿಗ್ಲಿಲ್ಲ ಅಂದ್ರೆ, ಅದಕ್ಕೂ ಎದುರಿನ ಪುಟಕ್ಕೂ ಸಂಬಂಧವೇ ಇಲ್ಲ! ಲೇಖನದಲ್ಲೆಲ್ಲ "ಪಾರ್ತಿಸುಬ್ಬನ", "ಪಾರ್ತಿಸುಬ್ಬನಿಗೆ" ಅಂತ ವಿಭಕ್ತಿ ಸೇರಿ ಇರುದು, ಸರ್ಚ್ ಇಡೀ ಶಬ್ದ ಹೋಲಿಸ್ತಿತ್ತು. ಸೆಟ್ಟಿಂಗಲ್ಲಿ ಶಬ್ದದ ಶುರು ಹೊಂದಿದ್ರೆ ಸಾಕು ಅಂತ ಬದಲಾಯಿಸಿ ಪುನಃ ಇಂಡೆಕ್ಸ್ ಮಾಡಿದ್ದು, ಅಷ್ಟೇ, ಅರ್ಧ ಗಂಟೆ ಕೆಲಸ. ಮೂರು ವಾರ ಮೊದಲೇ ಅದನ್ನು ನೋಡಿದ್ರೆ ಆಗ್ತಿತ್ತು. ಇದರಲ್ಲೂ "ಕಾಡು" ಹಾಕಿದ್ರೆ "ಕಾಡಿನ" ಸಿಗುದಿಲ್ಲ, ಉಕಾರ ಹಾರಿ ಹೋಗ್ತದಲ್ಲ.

ಊರಿನ ಹೆಸರಿನ ತಲೆಬಿಸಿ ಬೇರೆ. ಕುಂಬಳೆ ಅಂತ ಕೆಲವರು, ಕುಂಬ್ಳೆ ಅಂತ ಕೆಲವರು, ಶಾಲೆ ಮಕ್ಕಳು ಮಲಯಾಳ ಲಿಪಿಯಲ್ಲೇ ಹಾಕಿ ಹುಡುಕ್ತಾರೆ. ಪ್ರತಿ ಊರಿನ ಟ್ಯಾಕ್ಸಾನಮಿಗೆ (ಲೇಖನ ವಿಂಗಡಿಸುವ ಹೆಸರಿನ ಪಟ್ಟಿಗೆ) ಈ ಎಲ್ಲ ರೂಪ ಕೈಯಲ್ಲೇ ಸೇರಿಸ್ತಾ ಇದ್ದೇನೆ. ಮಂಜೇಶ್ವರ ಆಯ್ತು, ಉಪ್ಪಳ ಆಯ್ತು, ಕುಂಬಳೆ ಬರುವ ಆದಿತ್ಯವಾರ.