ಕೂಸಿನ ಬಾಯಿಗೆ ಕಡಲ ಮರಳು

ಕಾಫಿ ಕೊಯ್ಲು ಮುಗಿದ ಮೇಲೆ, ಇಲ್ಲವಾದರೆ ಮಕ್ಕಳಿಗೆ ರಜೆ ಬಂದ ಮೇಲೆ, ನಮ್ಮ ಹಾಸನ, ಸಕಲೇಶಪುರದ ಕಡೆ ಒಂದು ರೂಢಿ ಇದೆ. ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಹಾಗೇ ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಬರುವುದು. ನಾವು ಶಿರಾಡಿ ಘಾಟಿ ಇಳಿಯುತ್ತೇವೆ. ಚಿಕ್ಕಮಗಳೂರು, ಮೂಡಿಗೆರೆಯವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಾರೆ. ಪಣಂಬೂರೋ ಮಲ್ಪೆಯೋ ಬಂತು ಅಂದರೆ ದೊಡ್ಡವರೆಲ್ಲ ಪ್ಯಾಂಟು ಮಡಚಿ ನೀರಿಗೆ ಓಡುತ್ತಾರೆ. ಕೂಸನ್ನು ಮರಳ ಮೇಲೆ ಕೂರಿಸಿ, "ಅಮ್ಮಾ, ಸ್ವಲ್ಪ ನೋಡ್ಕೋ" ಅಂದು ಹೋದರೆ ಮುಗಿಯಿತು. ಎರಡು ನಿಮಿಷಕ್ಕೆ ಬಾಯಿ ತುಂಬ ಮರಳು.

ಮೊದಲು ಗಾಬರಿ ಬಿಡಿ. ಆರು ತಿಂಗಳಿಂದ ಎರಡು ವರ್ಷದವರೆಗೆ ಕೂಸುಗಳು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟೇ ಅದೇನು ಅಂತ ತಿಳಿಯುವುದು. ಒಂದೆರಡು ಚಿಟಿಕೆ ಮರಳು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮರಳು ಕರಗುವುದಿಲ್ಲ, ಹೋದ ಹಾಗೇ ಹೊರಗೆ ಬರುತ್ತದೆ. ಮಾರನೇ ದಿನ ಡೈಪರಿನಲ್ಲಿ ಮರಳು ಕಂಡರೆ ಊರೆಲ್ಲ ಫೋನ್ ಮಾಡಬೇಡಿ. ಹೆದರಬೇಕಾದ್ದು ಮರಳಿಗಲ್ಲ, ಮರಳಿನ ಜೊತೆಗೆ ಏನಿದೆ ಅನ್ನುವುದಕ್ಕೆ. ಕೃಷ್ಣನ ಬಾಯಲ್ಲಿ ಯಶೋದೆಗೆ ಬ್ರಹ್ಮಾಂಡ ಕಂಡಿತಂತೆ. ಈಗಿನ ಕೂಸುಗಳ ಬಾಯಲ್ಲಿ ಕಾಣುವುದು ಸಿಗರೇಟಿನ ತುಂಡು, ಸೋಡಾ ಬಾಟಲಿಯ ಮುಚ್ಚಳ, ಮೀನು ಬಲೆಯ ನೂಲು, ಚಿಪ್ಪಿನ ಚೂರು.

ಅದಕ್ಕೇ ನಾನು ಹೇಳುವುದು, ಅರ್ಧ ಕೆಲಸ ಜಾಗ ಆರಿಸುವುದರಲ್ಲೇ ಇದೆ. ಚುರುಮುರಿ ಗಾಡಿಗಳ ಹತ್ತಿರ ಕೂರಬೇಡಿ, ಅಲ್ಲಿ ಕಡ್ಡಿ, ಪ್ಲಾಸ್ಟಿಕ್, ಎಂಜಲು ಎಲ್ಲ ಮರಳಲ್ಲಿ ಹೂತಿರುತ್ತದೆ. ಗಾಳಿ ಮರದ ನೆರಳು ತಂಪಾಗಿರುತ್ತದೆ, ನಿಜ. ಆದರೆ ಬೀದಿ ನಾಯಿಗಳಿಗೂ ಅದು ಗೊತ್ತು. ನಾಯಿ ಹೇಲಿನಿಂದ ಜಂತುಹುಳದ ಮೊಟ್ಟೆ ಮರಳಿಗೆ ಸೇರುತ್ತದೆ. ಕೊಕ್ಕೆಹುಳದ ಮರಿಗಳಂತೂ ನೆರಳಿರುವ ತೇವದ ಮರಳಲ್ಲಿ ಬದುಕಿದ್ದು, ಬರಿ ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಅಲ್ಲಿ ಕೂರಲೇಬೇಕಾದರೆ ದಪ್ಪ ಜಮಖಾನ ಹಾಸಿ, ಕೂಸನ್ನು ಅದರಿಂದ ಕೆಳಗಿಳಿಸಬೇಡಿ. ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿ, ಮೀನುಗಾರಿಕೆ ಬಂದರಿನ ಪಕ್ಕ, ಚರಂಡಿ ನೀರು ಇಳಿಯುವ ಜಾಗ, ಇವು ಮೂರೂ ಬೇಡವೇ ಬೇಡ.

ದಡದಲ್ಲಿ ಒಂದು ಗೆರೆ ನೋಡಿರುತ್ತೀರಿ. ಒಣಗಿದ ಪಾಚಿ, ಕಡ್ಡಿ, ಥರ್ಮೋಕೋಲ್ ಚೂರು ಎಲ್ಲ ಉದ್ದಕ್ಕೆ ಸಾಲಾಗಿ ನಿಂತಿರುತ್ತದಲ್ಲ, ಅದು. ಭರತದ ನೀರು ಅಲ್ಲಿವರೆಗೆ ಬಂದು ಹೋಗಿದೆ ಅಂತ ಅರ್ಥ. ಕಸವೆಲ್ಲ ಆ ಗೆರೆಯಲ್ಲೇ ಇರುತ್ತದೆ. ಅದನ್ನು ದಾಟಿ ಸಮುದ್ರದ ಕಡೆ ಸ್ವಲ್ಪ ಇಳಿದರೆ ದಿನಾ ನೀರು ತೊಳೆದ ಗಟ್ಟಿ ಮರಳು ಸಿಗುತ್ತದೆ. ಅಲ್ಲಿ ಕೂತುಕೊಳ್ಳಿ, ಆದರೆ ಮುಖ ಅಲೆಯ ಕಡೆಗೇ ಇರಲಿ. ನೀರು ಏರುತ್ತಿದ್ದರೆ ಎದ್ದು ಹಿಂದಕ್ಕೆ ಬನ್ನಿ. ಕೂರುವ ಮೊದಲು ಎರಡೂ ಕೈಯಿಂದ ಸುತ್ತಲಿನ ಮರಳನ್ನು ಒಂದು ಸಲ ಕೆದಕಿ. ಚೂಪಾದ ಚಿಪ್ಪು, ಗಾಜು ಇದ್ದರೆ ನಿಮ್ಮ ಕೈಗೆ ಮೊದಲು ಸಿಗಲಿ.

ಮಂಗಳೂರಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಪಡುಬಿದ್ರಿ ಸಿಗುತ್ತದೆ. ಹೊನ್ನಾವರದ ಹತ್ತಿರದ ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಚೊಕ್ಕಟವಾದ ದಡಗಳಿಗೆ ಕೊಡುವ ಅಂತಾರಾಷ್ಟ್ರೀಯ ಮನ್ನಣೆ ಅದು. ಆ ಬಾವುಟ ಬೇಕಾದರೆ ನೀರನ್ನು ಆಗಾಗ ಪರೀಕ್ಷೆ ಮಾಡಿಸಬೇಕು, ದಡ ಚೊಕ್ಕಟವಾಗಿರಬೇಕು. ಎದೆಹಾಲು ಕುಡಿಯುವ ಕೂಸಿರುವ ಮನೆಯವರು ಇಂಥ ಕಡೆ ಹೋಗುವುದೇ ವಾಸಿ. ಮಳೆಗಾಲದಲ್ಲಿ ಮಾತ್ರ ಯಾವ ದಡಕ್ಕೂ ಕೂಸನ್ನು ಕರೆದುಕೊಂಡು ಹೋಗಬೇಡಿ.

ಹೊತ್ತು ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಬಿಸಿಲಿಗೆ ಕಾದ ಮರಳು ಅಂಬೆಗಾಲಿಡುವ ಕೂಸಿನ ಮಂಡಿ ಸುಡುತ್ತದೆ. ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಿಗೇ ಒಡ್ಡಬಾರದು.

ಹಸಿದ ಕೂಸು ಬಾಯಿಗೆ ಕೈ ಹಾಕುವುದು ಜಾಸ್ತಿ. ಕಾರಿನಲ್ಲೇ ರಾಗಿ ಸರಿಯೋ ಮೆತ್ತಗಿನ ಅನ್ನವೋ ತಿನ್ನಿಸಿ, ಎದೆಹಾಲು ಕುಡಿಸಿ, ಆಮೇಲೆ ಕೆಳಗಿಳಿಸಿ. ಮರಳ ಮೇಲೆ ಕೂರಿಸಿಕೊಂಡು ಬಿಸ್ಕತ್ತು ಕೊಡುವುದು ಅಂದರೆ ಮರಳನ್ನೇ ತುತ್ತು ಮಾಡಿ ಕೊಟ್ಟಂತೆ. ಬಿಸ್ಕತ್ತು ಎಂಜಲಾಗುತ್ತದೆ, ಕೆಳಗೆ ಬೀಳುತ್ತದೆ, ಕೂಸು ಅದನ್ನೇ ಎತ್ತಿಕೊಳ್ಳುತ್ತದೆ.

ಇನ್ನು ಕೈ. ಒಣಗಿದ ಕೈಗೆ ಒಣ ಮರಳು ನಿಲ್ಲುವುದಿಲ್ಲ, ಬೆರಳ ಸಂದಿಯಿಂದ ಸೋರಿ ಹೋಗುತ್ತದೆ. ಜೊಲ್ಲಾದ ಕೈ ನೋಡಿ, ಅಂಗೈ ಪೂರ್ತಿ ಮೆತ್ತಿಕೊಳ್ಳುತ್ತದೆ. ಹಲ್ಲು ಬರುವ ಕಾಲದಲ್ಲಿ ಜೊಲ್ಲು ಸುರಿಯುತ್ತಲೇ ಇರುತ್ತದೆ. ಹಾಗಾಗಿ ಒಂದು ಮಗ್ಗಿನಲ್ಲಿ ಒಳ್ಳೆಯ ನೀರು, ಹೆಗಲ ಮೇಲೆ ಹಳೇ ಪಂಚೆ ತುಂಡು ಇಟ್ಟುಕೊಳ್ಳಿ. ಕೈ ಅದ್ದಿ ತೊಳೆದು ಒರೆಸುತ್ತಾ ಇರಿ. ಸ್ಯಾನಿಟೈಸರ್ ಹಚ್ಚಬೇಡಿ, ಅದೂ ಬಾಯಿಗೇ ಹೋಗುತ್ತದೆ. ದೃಷ್ಟಿಗೆ ಅಂತ ಹಾಕಿದ ಕಪ್ಪು ಬಳೆ, ಕೈಯ ಮಣಿದಾರ ಇದ್ದರೆ ಗಾಡಿಯಲ್ಲೇ ಬಿಚ್ಚಿಡಿ. ಮಣಿ ಮಣಿಯ ನಡುವೆ ಮರಳು ಕೂತಿರುತ್ತದೆ. ನೀವು ಕೈ ತೊಳೆದು ಸುಮ್ಮನಾಗಿರುತ್ತೀರಿ, ಕೂಸು ಬಳೆಯನ್ನೇ ಚೀಪುತ್ತಿರುತ್ತದೆ. ಸಂಜೆಯವರೆಗೆ ತೆಗೆದಿಟ್ಟರೆ ಯಾವ ದೃಷ್ಟಿಯೂ ತಾಗುವುದಿಲ್ಲ. ಚೀಪುವ ರಿಂಗು, ನಿಪ್ಪಲ್‌ಗಳನ್ನು ದಾರ ಕಟ್ಟಿ ಕೊರಳಿಗೆ ಹಾಕಲೇಬೇಡಿ, ಕುತ್ತಿಗೆಗೆ ಬಿಗಿಯುತ್ತದೆ.

ಬರಿದೇ ಬೇಡ ಬೇಡ ಅಂದರೆ ಕೂಸು ಕೇಳುವುದಿಲ್ಲ. ಕೈಗೊಂದು ಕೆಲಸ ಕೊಡಿ. ಸ್ನಾನದ ಪ್ಲಾಸ್ಟಿಕ್ ಟಬ್ಬನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವುದು ನನ್ನ ಪದ್ಧತಿ. ಸೊಸೆಯಂದಿರು ನಗುತ್ತಾರೆ, ನಗಲಿ. ದಡದಲ್ಲಿ ಟಬ್ ಇಟ್ಟು, ತಳ ಮುಚ್ಚುವಷ್ಟು ಒಳ್ಳೆಯ ನೀರು ಹಾಕಿ, ಒಂದು ಪ್ಲಾಸ್ಟಿಕ್ ಲೋಟ, ಒಂದು ಸೌಟು ಕೊಟ್ಟು ಕೂರಿಸಿದರೆ ಕೂಸಿಗೆ ಅದೇ ಸಮುದ್ರ. ಸ್ಟೀಲಿನದು ಬೇಡ, ಬಿಸಿಲಿಗೆ ಕಾಯುತ್ತದೆ. ನೀರು ಎಷ್ಟೇ ಕಡಿಮೆ ಇರಲಿ, ನೀವು ಕೈಗೆಟುಕುವಷ್ಟು ಹತ್ತಿರವೇ ಇರಬೇಕು. ಹತ್ತು ಜನ ಹೋದ ಕಡೆ ಒಬ್ಬರೂ ನೋಡುವುದಿಲ್ಲ, ಎಲ್ಲರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಂಡಿರುತ್ತಾರೆ. ಈಗ ಪಾಪು ಯಾರ ಪಾಲು ಅಂತ ಬಾಯಿಬಿಟ್ಟು ಹೇಳಿ ಹೋಗಿ. ಯಾರ ಪಾಲೋ ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಇಷ್ಟೆಲ್ಲ ಮಾಡಿದರೂ ಒಂದು ಮುಷ್ಟಿ ಬಾಯಿಗೆ ಹೋಗೇ ಹೋಗುತ್ತದೆ. ಆಗ "ಅಯ್ಯೋ!" ಅಂತ ಕಿರುಚಬೇಡಿ. ಕೂಸು ಬೆಚ್ಚಿಬಿದ್ದು ಉಸಿರು ಎಳೆದುಕೊಂಡರೆ ಹೊಟ್ಟೆಗೆ ಹೋಗಬೇಕಾದ ಮರಳು ಉಸಿರಿನ ಕೊಳವೆಗೆ ಹೋಗುತ್ತದೆ, ಅಪಾಯ ಇರುವುದು ಅಲ್ಲಿ. ಸಮಾಧಾನವಾಗಿ ಎತ್ತಿ ತೊಡೆಯ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿಕೊಳ್ಳಿ. ಮರಳು ನಾಲಿಗೆಗೆ ತಾಗಿದ ಕೂಡಲೇ ಕೂಸಿನ ದವಡೆ ನಿಂತುಬಿಡುತ್ತದೆ, ಮುಖ ಕಿವುಚಿಕೊಳ್ಳುತ್ತದೆ, ನಾಲಿಗೆ ತಾನಾಗಿ ಹೊರಗೆ ದಬ್ಬುತ್ತದೆ. ಅದಕ್ಕೆ ಅವಕಾಶ ಕೊಡಿ, ಜೊಲ್ಲಿನ ಜೊತೆ ಬಹಳಷ್ಟು ಇಳಿದುಬರುತ್ತದೆ. ಆಮೇಲೆ ಪಂಚೆ ತುಂಡನ್ನು ಒದ್ದೆ ಮಾಡಿ ಬೆರಳಿಗೆ ಸುತ್ತಿಕೊಂಡು, ಕೆಳತುಟಿ ಮೆಲ್ಲಗೆ ಎಳೆದು, ವಸಡಿಗೂ ಕೆನ್ನೆಗೂ ನಡುವೆ ಒಳಗಿಂದ ಹೊರಗೆ ಒರೆಸಿ. ಮರಳು ಕೂತಿರುವುದು ಅಲ್ಲೇ. ಕಣ್ಣಿಗೆ ಕಾಣದ್ದನ್ನು ಹುಡುಕುತ್ತಾ ಗಂಟಲವರೆಗೆ ಬೆರಳು ಹಾಕಬೇಡಿ, ಒಳಗೇ ದೂಡಿಬಿಡುತ್ತೀರಿ. ಒರೆಸಿದ ಮೇಲೆ ಎದೆಹಾಲು ಕೊಡಿ. ಆರು ತಿಂಗಳು ದಾಟಿದ್ದರೆ ಎರಡು ಗುಟುಕು ಕುದಿಸಿ ಆರಿಸಿದ ನೀರೂ ಆಗುತ್ತದೆ.

ಹಳೆಯ ಕಾಲದವಳಾಗಿಯೂ ಕೆಲವು ಹಳೆಯ ಪದ್ಧತಿ ಬೇಡ ಅನ್ನುತ್ತೇನೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಭೇದಿಯಾಗಲಿ ಅಂತ ಹರಳೆಣ್ಣೆ ಹಾಕುವುದು, ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು, ಯಾವುದೂ ಕೂಡದು. ಬಾಳೆಹಣ್ಣು ತಿಂದರೆ ಹೊಟ್ಟೆಯ ಮರಳೆಲ್ಲ ಎಳೆದುಕೊಂಡು ಬರುತ್ತದೆ ಅನ್ನುತ್ತಾರೆ. ಎಳೆದುಕೊಂಡೇನೂ ಬರುವುದಿಲ್ಲ. ಊಟ ಶುರುವಾದ ಕೂಸಿಗೆ ಕಿವುಚಿ ಕೊಟ್ಟರೆ ತೊಂದರೆಯೂ ಇಲ್ಲ.

ಡಾಕ್ಟರ ಹತ್ತಿರ ಯಾವಾಗ ಓಡಬೇಕು? ಜಾಸ್ತಿ ಮರಳು ನುಂಗಿ ಹೊಟ್ಟೆ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ವಾಂತಿ ಹಸಿರಾಗಿದ್ದರೆ, ಕಕ್ಕ ನಿಂತುಹೋದರೆ, ಅದರಲ್ಲಿ ರಕ್ತ ಕಂಡರೆ ಕಾಯಬೇಡಿ. ಸಿಗರೇಟಿನ ತುಂಡು ನುಂಗಿದೆ ಅನ್ನುವ ಅನುಮಾನ ಬಂದರೂ ಹಾಗೇ, ಅದರ ನಿಕೋಟಿನ್ ಕೂಸಿಗೆ ವಿಷ. ಮರಳು ತಿಂದ ಮೇಲೆ ಬಿಡದೆ ಕೆಮ್ಮು, ಉಸಿರಾಡುವಾಗ ಸುಯ್ ಅನ್ನುವ ಸದ್ದು, ತುಟಿ ನೀಲಿಯಾಗುವುದು ಕಂಡರೆ 108ಕ್ಕೆ ಫೋನ್ ಮಾಡಿ. ಏನೋ ಸಿಕ್ಕಿಕೊಂಡು ಅಳಲೂ ಕೆಮ್ಮಲೂ ಆಗದಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟಬೇಕು. ಹೋಗದಿದ್ದರೆ ಅಂಗಾತ ಮಲಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು, ಮತ್ತೆ ತಟ್ಟಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಒಳ್ಳೆಯದು. ಲಸಿಕೆಗೆ ಹೋದಾಗ ನರ್ಸಮ್ಮನನ್ನು ಕೇಳಿ ಮಾಡಿ ತೋರಿಸಿಕೊಳ್ಳಿ.

ಕಣ್ಣಿಗೆ ಮರಳು ಬಿದ್ದರೆ ಉಜ್ಜಬೇಡಿ, ಕೈ ಹಿಡಿದುಕೊಂಡು ಒಳ್ಳೆಯ ನೀರು ಹರಿಸಿ. ಸಮುದ್ರದ ನೀರು ಒಂದೆರಡು ಗುಟುಕು ಹೋದರೆ ಚಿಂತೆಯಿಲ್ಲ, ಜಾಸ್ತಿ ಕುಡಿದು ವಾಂತಿ ಭೇದಿ ಶುರುವಾದರೆ ಡಾಕ್ಟರಿಗೆ ತೋರಿಸಿ.

ಹೊರಡುವಾಗ ಒದ್ದೆ ಮರಳನ್ನು ಉಜ್ಜಿ ತೆಗೆಯಲು ಹೋದರೆ ಎಳೆ ಚರ್ಮ ಕೆಂಪಗೆ ಕಿತ್ತುಬರುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಆರಲು ಬಿಡಿ, ಒಣಗಿದ ಮೇಲೆ ಬಟ್ಟೆಯಲ್ಲಿ ಕೊಡವಿದರೆ ತಾನಾಗಿ ಉದುರುತ್ತದೆ. ಉಳಿದದ್ದಕ್ಕೆ ನೀರು ಸುರಿಯಿರಿ. ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿ, ಉಡಿದಾರದ ಅಡಿ ಮರೆಯಬೇಡಿ. ಹೆಣ್ಣು ಕೂಸಿಗೆ ಮುಂದಿನಿಂದ ಹಿಂದಕ್ಕೆ ನೀರು ಹಾಕಿ ತೊಳೆಯಿರಿ. ಆಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು, ಪೌಡರ್ ಬೇಡ, ಅದರ ದೂಳು ಉಸಿರಿಗೆ ಹೋಗುತ್ತದೆ.

ಊರಿಗೆ ಬಂದ ಮೇಲೂ ಕೂಸು ಮಣ್ಣು ಹುಡುಕುತ್ತದೆ, ಅಂಗಳದಲ್ಲಿ, ಹೂವಿನ ಕುಂಡದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. ನನ್ನನ್ನು ಕೇಳಿದರೆ ತೊಳೆದ ಕಡಲ ಮರಳಿಗಿಂತ ತೋಟದ ಮಣ್ಣಿಗೆ ಹೆಚ್ಚು ಹೆದರಬೇಕು, ಗೊಬ್ಬರ, ಔಷಧಿ ಎಲ್ಲ ಬಿದ್ದಿರುತ್ತದೆ ಅಲ್ವಾ. ಎರಡು ವರ್ಷ ದಾಟಿದರೂ ಮಣ್ಣು, ಸುಣ್ಣ, ಬಳಪ ಬೇಕು ಅಂತ ಹಟ ಹಿಡಿದು ತಿನ್ನುವ ಮಗುವಿಗೆ ಬೈಯುವ ಬದಲು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಡಿಮೆ ಇದ್ದರೂ ಹೀಗಾಗುತ್ತದೆ. ಆರು ತಿಂಗಳು ತುಂಬಿದ ಮಕ್ಕಳಿಗೆ ಸರ್ಕಾರದಿಂದಲೇ ಕಬ್ಬಿಣದ ಸಿರಪ್ ಇದೆ, ವಾರಕ್ಕೆ ಎರಡು ಸಲ 1 ಎಂಎಲ್. ವರ್ಷ ತುಂಬಿದವರಿಗೆ ಫೆಬ್ರವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ. ಎರಡು ವರ್ಷದವರೆಗೆ ಅರ್ಧ ಮಾತ್ರೆ, ಆಮೇಲೆ ಒಂದು. ಪುಟ್ಟವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸಿ, ಇಡೀ ಮಾತ್ರೆ ನುಂಗಿಸಲು ಹೋಗಬೇಡಿ.